ತಿರುಗಿ ಬರುವ ಹಳಿ

"ಸ್ಟೇರಿಂಗೇ ಇಲ್ವಲ್ಲ ಬೇಟಾ ಇದಕ್ಕೆ!" ರಹಿಮತ್‌ಬಿ ಮರದ ಇಂಜಿನ್ನನ್ನು ಎತ್ತಿ ತಿರುವಿ ತಿರುವಿ ನೋಡಿದಳು.

ಜಲೀಲನಿಗೆ ನಗು ಬಂತು. ಅವನು ಗುಂತಕಲ್ಲಿನಲ್ಲಿ ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನು. ಅವನ ತಾಯಿಯ ತಂಗಿ ಈ ರಹಿಮತ್‌ಬಿ ಖಾಲಾ. ಮಗಳು ನಜೀಮಾಳನ್ನು ಅವನಿಗೆ ಕೊಡಲು ಆಕೆ ಹಿಂದೆಮುಂದೆ ನೋಡುತ್ತಿದ್ದುದು ಹುಡುಗನನ್ನು ಕಂಡಲ್ಲ, ರೈಲಿಗೆ ಹೆದರಿ. ಶಿರಸಿ ಬಿಟ್ಟು ಹೊರಗೆ ಹೋಗದ ಆಕೆಗೆ ಧೈರ್ಯ ತುಂಬಲೆಂದೇ ಜಲೀಲ ರಜೆಯನ್ನೆಲ್ಲ ಈ ಹಲಗೆಯ ಮೇಲೆ ಆಟಿಕೆಯ ರೈಲುದಾರಿ ಕಟ್ಟುವುದರಲ್ಲೇ ಕಳೆದಿದ್ದ. ಬಿದಿರ ತಟ್ಟಿಗೆ ಗಂಜಿಯಲ್ಲಿ ನೆನೆಸಿದ ಕಾಗದ ಹೊದಿಸಿ ಗುಡ್ಡ ಮಾಡಿದ್ದ. ಹಸಿರು ಬಣ್ಣ ಕಲಸಿದ ಮರದ ಹೊಟ್ಟು ಹುಲ್ಲಾಗಿತ್ತು, ಮುರಿದ ಕೊಡೆಯ ಕಡ್ಡಿ ಹಳಿಯಾಗಿತ್ತು. ಈ ತುದಿಗೆ ಹಾವೇರಿ, ಆ ತುದಿಗೆ ಗುಂತಕಲ್. ಹಾವೇರಿ ಸ್ಟೇಷನ್ನಿನ ಹೊರಗೊಂದು ಬೆಂಕಿಪೊಟ್ಟಣದ ಮೋಟಾರು. ಶಿರಸಿಯಿಂದ ಅಲ್ಲಿಗೆ ದಿನಾ ಮೋಟಾರು ಓಡಿಸುವವನು ಖಾಲಾನ ಗಂಡ ನೂರ್ ಅಹ್ಮದನೇ.

"ಸ್ಟೇರಿಂಗ್ ಬೇಡ ಖಾಲಾ. ಹಳಿ ಹೋದ ಕಡೆ ಗಾಡಿ ಹೋಗ್ತದೆ."

"ಹೋಗ್ತದೆ, ಸರಿ. ತಿರುಗಿ ಬರೂದು ಹ್ಯಾಂಗೆ? ಇವ್ರು ಹಾವೇರೀಲಿ ಸ್ಟೇರಿಂಗ್ ತಿರುಗಿಸ್ತಾರೆ, ಸಂಜೆಗೆ ಮನೆಗೆ ಬರ್ತಾರೆ."

"ಇಂಜಿನ್ ಬಿಚ್ಚಿ ಹಿಂದಿನ ತುದಿಗೆ ಜೋಡಿಸ್ತೇವೆ."

"ತಲೆ ತೆಗ್ದು ಬಾಲಕ್ಕೆ ಹಚ್ಚೂದಾ! ಯಾ ಅಲ್ಲಾ, ಇಂಥಾ ಗಾಡಿ ನಂಬ್ಕೊಂಡು ಹುಡುಗೀನ ಕಳಿಸ್ಲಾ?" ಆಕೆ ಎದ್ದು ಒಳಗೆ ನಡೆದಳು. ಪರದೆಯ ಹಿಂದೆ ನಜೀಮಾಳ ಬಳೆಯ ಸದ್ದೂ ನಿಂತಿತು.

ತಾಯಿಕರುಳಿಗೆ ಇಂಜಿನ್ನಿನ ಪಾಠ ಎಲ್ಲಿ ಹತ್ತೀತು! ಜಲೀಲ ಮರುದಿನ ಹಳಿ ಕಿತ್ತ. ಕೊಡೆಯ ಕಡ್ಡಿ ಬಾಗಲಿಲ್ಲ. ಬಿದಿರ ಸೀಳನ್ನು ನೆನೆಸಿ, ಕೆಂಡಕ್ಕೆ ಹಿಡಿದು, ಮೊಣಕಾಲಿಗೆ ಒತ್ತಿ ಬಾಗಿಸಿದ. ಗುಂತಕಲ್ ದಾಟಿದ ಹಳಿ ಗುಡ್ಡದೊಳಗೆ ನುಗ್ಗಿ, ಸುತ್ತು ಹಾಕಿ, ಹಾವೇರಿಗೇ ಬಂದು ಕೂಡಿತು.

ದಿನಾ ರೈಲು ನೋಡುವ ನೂರ್ ಅಹ್ಮದ್ ಇದನ್ನು ಕಂಡು ಏನೋ ಹೇಳಲು ಬಾಯಿ ತೆರೆದ. ಜಲೀಲ ಕಣ್ಣಿನಲ್ಲೇ ಬೇಡಿಕೊಂಡ. ನೂರ್ ಅಹ್ಮದ್ ಕೆಮ್ಮಿ, "ಹೌದೌದು, ಹೀಂಗೇ ಇರ್ತದೆ" ಎಂದ.

ರಹಿಮತ್‌ಬಿ ಹಳಿಯನ್ನು ಸುತ್ತಲೂ ಸವರಿ ನೋಡಿದಳು. ಎಲ್ಲೂ ಕಡಿದಿರಲಿಲ್ಲ. "ಹಂಗಾದ್ರೆ ನಿಕಾಹ್‌ಗೆ ದಿನ ಗೊತ್ತು ಮಾಡಿ" ಎಂದಳು. ಜಲೀಲನಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಆಕೆ ತಾನೇ ರೈಲು ತಳ್ಳತೊಡಗಿದಳು. ಹಾವೇರಿ ಬಿಟ್ಟಿತು. ಗುಂತಕಲ್ ಬಂತು. ಬೆರಳು ನಿಲ್ಲಲಿಲ್ಲ.

"ಖಾಲಾ, ನಿಲ್ಸಿ! ನಜೀಮಾ ಇಳಿಯೂ ಊರು ದಾಟ್ತು!"

"ಗೊತ್ತದೆ." ಕಣ್ಣೆತ್ತದೆ ಆಕೆ ರೈಲನ್ನು ಹಾವೇರಿಯತ್ತ ತಳ್ಳುತ್ತಲೇ ಇದ್ದಳು. "ಹುಡುಗಿಗೆ ನಿದ್ದೆ ಹತ್ತಿದೆ, ಎಬ್ಬಿಸಬೇಡ."