ಸತ್ತವರಿಗೆ ಕೊಟ್ಟ ಮಾತು

ಇನ್ಸುಕ್ ಅಭ್ಯಾಸದ ಪಾಠ ಮುಗಿಸಿ ಕೈಗೆ ಹತ್ತಿದ್ದ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಂಡಳು. ಖಾಲಿ ತರಗತಿಯ ಮೊದಲ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ ಬೊರಮ್ ಗಡಿಯಾರ ನೋಡಿ, "ಹದಿನಾಲ್ಕು ನಿಮಿಷ ಅಕ್ಕ. ಇನ್ನೂ ಒಂದು ನಿಮಿಷ ಉಳೀತು" ಎಂದಳು.

"ನಿಮಿಷದ ಮನೆ ಹಾಳಾಗ. ಪಾಠ ಹೇಗಿತ್ತು ಹೇಳೇ. ಎಲ್ಲಾದ್ರೂ ತೂತು ಕಾಣ್ತಾ?"

ತೂತು ಇತ್ತು. ಸತ್ತವರಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಲೇಬೇಕು, ಏಕೆಂದರೆ ಮಾತು ತೆಗೆದುಕೊಂಡವರ ಆಸೆ ಅವರ ಜೊತೆ ಸಾಯುವುದಿಲ್ಲ ಎಂಬುದು ಇನ್ಸುಕ್‌ಳ ವಾದ. ಅದು ಎಲ್ಲಿ ಮುರಿಯುತ್ತದೆ ಎನ್ನುವುದು ಅರ್ಧ ಪಾಠಕ್ಕೇ ಬೊರಮ್‌ಗೆ ಹೊಳೆದಿತ್ತು. ಹೇಳಲೆಂದು ಬಾಯಿ ತೆರೆದವಳು, "ಚೆನ್ನಾಗಿತ್ತು ಅಕ್ಕ" ಎಂದುಬಿಟ್ಟಳು.

ಮೊಕ್ಪೊ ಊರಿನ ವಿಶ್ವವಿದ್ಯಾಲಯವೊಂದರಲ್ಲಿ ತತ್ತ್ವಶಾಸ್ತ್ರ ಕಲಿಸುವ ಕಾಯಂ ಹುದ್ದೆಯೊಂದು ಖಾಲಿಯಾಗಿತ್ತು. ಒಂಬತ್ತು ವರ್ಷದಲ್ಲಿ ಬಂದ ಒಂದೇ ಹುದ್ದೆ. ಕೊನೆಯ ಸುತ್ತಿನಲ್ಲಿ ಪಾಠ ಮಾಡಿ ತೋರಿಸಲು ಇಬ್ಬರನ್ನು ಕರೆದಿದ್ದರು, ಇವರಿಬ್ಬರನ್ನೇ. ಆರು ವರ್ಷದಿಂದ ಒಂದೇ ಕೋಣೆಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಓದಿದವರು. ಬೊರಮ್‌ಗೆ ಮೂವತ್ತೆರಡು, ಡಾಕ್ಟರೇಟ್ ಬಂದು ಮೂರು ತಿಂಗಳು. ಅವಳ ಪ್ರಬಂಧದ ಒಂದೊಂದು ಅಧ್ಯಾಯವನ್ನೂ ತಿದ್ದಿಕೊಟ್ಟವಳು ಇನ್ಸುಕ್. ಇನ್ಸುಕ್‌ಗೆ ನಲವತ್ತಾರು; ಹನ್ನೊಂದು ವರ್ಷದಿಂದ ಗಂಟೆ ಲೆಕ್ಕದ ಉಪನ್ಯಾಸಕಿಯಾಗಿ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಸವೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ತಮ್ಮ ಊರಾದ ಜೊಂಜುವಿನಿಂದ ಮೊಕ್ಪೊಗೆ ಒಂದೇ ಬಸ್ಸು ಹಿಡಿದರು. ಇನ್ಸುಕ್ ನಸುಕಿನಲ್ಲೆದ್ದು ಸುತ್ತಿದ್ದ ಗಿಂಬಾಪಿನ ಡಬ್ಬಿ ಬಿಚ್ಚಿ, ಆ ಅನ್ನದ ಸುರುಳಿಯ ಎರಡೂ ತುದಿಯ ತುಂಡುಗಳನ್ನು ಬೊರಮ್ ಕಡೆ ತಳ್ಳಿದಳು. "ನೀನು ತಿನ್ನು. ತುದೀಲೇ ಮೊಟ್ಟೆ, ಪಾಲಕ್ ಎಲ್ಲ ಜಾಸ್ತಿ ಇರೋದು."

ಬೊರಮ್ ಎತ್ತಿದ ತುಂಡನ್ನು ಮತ್ತೆ ಡಬ್ಬಿಯಲ್ಲೇ ಇಟ್ಟಳು.

"ಅಕ್ಕ, ನಿನ್ನೆ ಸುಳ್ಳು ಹೇಳ್ದೆ. ನಿನ್ನ ಪಾಠದಲ್ಲಿ ತೂತಿದೆ."

"ಕಳ್ಳಿ! ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಎಲ್ಲಿ?"

"ಮಾತು ತಗೊಂಡೋರು ಸಾಯೋ ಮುಂಚೆ 'ಪಾಪ, ಈ ಮಾತಿನಿಂದ ಇವಳನ್ನ ಬಿಟ್ಟುಬಿಡೋಣ' ಅಂತ ಮನಸ್ಸಲ್ಲೇ ಅಂದ್ಕೊಂಡಿದ್ರೆ? ಅದನ್ನ ಹೇಳೋಕಾಗದೇ ಹೋಗ್ಬಿಟ್ಟಿದ್ರೆ? ಆಮೇಲೂ ನಾವು ಉಳಿಸ್ಕೊಂಡು ಬರೋದು ಯಾರ ಆಸೆ ಅಕ್ಕ?"

ಇನ್ಸುಕ್ ಡಬ್ಬಿ ಮುಚ್ಚಿ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ನಾಟಿಯಾದ ಗದ್ದೆಗಳು ಒಂದರ ಹಿಂದೊಂದು ಸರಿದುಹೋದವು. ಅಕ್ಕನಿಗೆ ಸಿಟ್ಟು ಬಂದಿರಬೇಕೆಂದು ಬೊರಮ್ ಮುದುಡಿ ಕೂತಳು.

"ನಂಗೆ ಪಾಠ ಹೇಳ್ಕೊಟ್ಟ ನಾಮ್ಗುಂಗ್ ಮೇಷ್ಟ್ರು ಸಾಯೋ ಮುಂಚೆ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ಏನೇ ಬರ್ಲಿ ಕಲಿಸೋದು ಬಿಡ್ಬೇಡ ಅಂದ್ರು" ಎಂದಳು ಇನ್ಸುಕ್ ಕೊನೆಗೆ. "ಬಿಡಲ್ಲ ಮೇಷ್ಟ್ರೇ ಅಂದೆ. ಹನ್ನೊಂದು ವರ್ಷದ ಹಿಂದೆ. ಅದಾದ್ಮೇಲೆ ಅವರ ಮಾತು ನಿಂತೋಯ್ತು, ಇಪ್ಪತ್ತು ದಿನ ಹಾಗೇ ಬದುಕಿದ್ರು. ಒಂದು ಸಲ ಪಾಠ ಮುಗಿಸಿ ಬಸ್ ಇಳ್ದು ಮಳೇಲಿ ನೆನ್ಕೊಂಡೇ ಹೋಗಿದ್ದೆ. ನನ್ನನ್ನ ನೋಡಿ ಸುಮ್ನೆ ತಲೆ ಅಲ್ಲಾಡಿಸ್ತಾನೇ ಇದ್ರು, ಬೇಡ ಬೇಡ ಅನ್ನೋ ಹಾಗೆ. ನೋವಿಗೆ ಅಂದ್ಕೊಂಡಿದ್ದೆ ಕಣೇ."

ಬೊರಮ್ ಅವಳ ತೋಳಿಗೆ ತಲೆಯಾನಿಸಿದಳು. ಬಸ್ಸು ಮೊಕ್ಪೊ ಸೇರುವವರೆಗೂ ಇನ್ಸುಕ್ ತೋಳನ್ನು ಕದಲಿಸಲಿಲ್ಲ.

ಚೀಟಿ ಎತ್ತಿದಾಗ ಬೊರಮ್‌ಳ ಸರದಿ ಮೊದಲು ಬಂತು. ತನ್ನ ಪಾಠ ಮುಗಿಸಿ ಹೊರಗಿನ ಬೆಂಚಿನಲ್ಲಿ ಕೂತಾಗ ಬಾಗಿಲ ಸಂದಿನಿಂದ ಇನ್ಸುಕ್‌ಳ ದನಿ ಕೇಳಿಸುತ್ತಿತ್ತು. ನಡುವೆ ಅದು ಫಕ್ಕನೆ ನಿಂತಿತು. ಮತ್ತೆ ಕೇಳಿಸಿತು: "ಇಲ್ಲಿವರೆಗೆ ನಾನು ಹೇಳಿದ್ದರಲ್ಲಿ ಒಂದು ತೂತಿದೆ. ಅದನ್ನು ಕಂಡುಹಿಡಿದವಳು ನಾನಲ್ಲ, ಹೊರಗೆ ಕೂತಿರೋ ಬೊರಮ್. ಉತ್ತರ ನನಗಿನ್ನೂ ಗೊತ್ತಿಲ್ಲ. ಉಳಿದ ಸಮಯದಲ್ಲಿ ಅವಳ ಪ್ರಶ್ನೆ ಎಷ್ಟು ದೊಡ್ಡದು ಅನ್ನೋದನ್ನಷ್ಟೇ ಹೇಳ್ತೀನಿ."

ಬೊರಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಹತ್ತು ದಿನ ಕಳೆದು ಬಂದ ಕಾಗದದಲ್ಲಿ ಇದ್ದದ್ದು ಬೊರಮ್‌ಳ ಹೆಸರು. ಅವಳು ಅದನ್ನು ಪುಸ್ತಕದೊಳಗೆ ಬಚ್ಚಿಡುತ್ತಿರುವಾಗಲೇ ಇನ್ಸುಕ್ ಒಳಗೆ ಬಂದು ಕಸಿದುಕೊಂಡು ಓದಿದಳು.

"ಏನ್ ಪ್ರೊಫೆಸರ್ರಮ್ಮಾ, ನಗೋಕೇನು ರೋಗ ನಿಂಗೆ?"

"ನೀನು ಅಲ್ಲಿ ಹಾಗೆ ಹೇಳದೇ ಇದ್ದಿದ್ರೆ ಅಕ್ಕ..."

"ನೀನು ಬಸ್ಸಲ್ಲಿ ಹೇಳದೇ ಇದ್ದಿದ್ರೆ?" ಎಂದು ಇನ್ಸುಕ್ ಅವಳ ಕಿವಿ ಹಿಂಡಿದಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಯಾರಿಗೋಸ್ಕರ ಯಾರು ಅತ್ತರೆಂದು ಹೇಳುವುದು ಕಷ್ಟ.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಇನ್ಸುಕ್ ಎಂದಿನಂತೆ ಪಾಠಕ್ಕೆ ಹೋಗಲು ನಾಮ್ವೊನ್ ಊರಿನ ಬಸ್ಸಿಗೆ ಕಾಯುತ್ತಿದ್ದಳು. ಬೊರಮ್ ಏದುಸಿರು ಬಿಡುತ್ತಾ ಓಡಿಬಂದಳು.

"ಇನ್ನೂ ಯಾಕೆ ಹೋಗ್ತೀಯ ಅಕ್ಕ? ಮೇಷ್ಟ್ರು ಆ ಮಾತಿನಿಂದ ನಿನ್ನನ್ನ ಆವತ್ತೇ ಬಿಟ್ಟುಬಿಟ್ಟಿದ್ರೋ ಏನೋ!"

"ಬಿಟ್ಟಿರ್ತಾರೆ." ಇನ್ಸುಕ್ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದಳು. "ಅದಕ್ಕೇ ಕಣೇ, ಇವತ್ತು ಮೊದಲ್ನೇ ಸಲ ನಾನಾಗೇ ಹೋಗ್ತಿದ್ದೀನಿ."