ಒಂಬತ್ತನೆಯ ಸಲ ಕಿತ್ತ ಬಾಲ

ಬಾಲ ಮತ್ತೆ ಕಿತ್ತುಬಂದಿತ್ತು, ಅದೂ ಅದೇ ಜಾಗದಲ್ಲಿ. ಬರ್ನಡೆಟ್‌ಗೆ ಮೈಯೆಲ್ಲ ಉರಿಯಿತು.

“ಹೋದ ವರ್ಷ ಬೂಟು ಹೊಲಿಯೋ ಮೇಣದ ದಾರ ಹಾಕಿದ್ದೆ ಕಣೋ, ಎರಡೆಳೆ. ಆನೆ ಎಳೆದ್ರೂ ಬಿಚ್ಚಬಾರದಿತ್ತು. ಬಾಲಕ್ಕೆ ಟ್ರಕ್ ಕಟ್ಟಿ ಎಳೀತೀಯಾ ಹೇಗೆ?”

“ಟ್ರಕ್ ಓಡಿಸ್ತೀನಿ, ಎಳೆಯಲ್ಲ,” ಎನ್ನುತ್ತ ದಢೂತಿ ಆಸಾಮಿ ಎದುರಿನ ಕುರ್ಚಿಯಲ್ಲಿ ಕೂತ. ವಯಸ್ಸು ಐವತ್ತರ ಹತ್ತಿರ, ಮೈಮೇಲೆ ನೀರುನಾಯಿಯ ಕಂದು ವೇಷ, ಕೊರಳ ಬ್ಯಾಡ್ಜಿನಲ್ಲಿ ‘ಮಳೆಬಿಲ್ಲು ಮೀಸೆ’ ಎಂಬ ಹೆಸರು. ಅವನ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಗಡಿಯಾರ ನೋಡಿದ, ಬಾಗಿಲು ನೋಡಿದ, ಮತ್ತೆ ಗಡಿಯಾರ ನೋಡಿದ. ಮೂರೂವರೆ. ನಾಲ್ಕಕ್ಕೆ ಸಮ್ಮೇಳನ ಮುಗಿಯುವುದಿತ್ತು, ಈ ಸಲ ಕಾಯಂ ಆಗಿ.

‘ನೀರುನಾಯಿಗಳ ಬಂದರು’ ಮಕ್ಕಳ ಕಾರ್ಟೂನ್ ಸರಣಿ. ಆದರೆ ಅದಕ್ಕಾಗಿ ವರ್ಷಕ್ಕೆ ಮೂರು ದಿನ ಅಮೆರಿಕದ ಮಿಲ್ವಾಕಿ ನಗರದಲ್ಲಿ ವೇಷ ಹಾಕಿಕೊಂಡು ಸೇರುವವರಲ್ಲಿ ಮುಕ್ಕಾಲು ಪಾಲು ಗಡ್ಡ ನೆರೆತವರೇ, ನಗುವವರು ನಗಲಿ. ಮೊದಲ ವರ್ಷ ಹೋಟೆಲೊಂದರ ನೆಲಮಾಳಿಗೆಯಲ್ಲಿ ಎಪ್ಪತ್ನಾಲ್ಕು ಜನ ಸೇರಿದ್ದರು. ಆರನೆಯ ವರ್ಷ ಒಂಬತ್ತು ಸಾವಿರ. ಸಾಲು ಸರೋವರದ ದಂಡೆಯವರೆಗೂ ಹೋಗಿತ್ತು. ಆಮೇಲೆ ಸರಣಿ ನಿಂತಿತು, ಜನ ಕರಗಿದರು. ಹನ್ನೆರಡನೆಯದಾದ ಈ ಸಲ ಆರು ನೂರು ದಾಟಲಿಲ್ಲ. ಮೊದಲ ದಿನವೇ ಗೋಡೆಗೆ ಅಂಟಿಸುತ್ತಿದ್ದ ಮುಂದಿನ ವರ್ಷದ ತಾರೀಕೂ ಕಾಣಲಿಲ್ಲ.

ಹರಿದ ವೇಷಗಳನ್ನು ಪುಕ್ಕಟೆ ಹೊಲಿದುಕೊಡುವ ಬರ್ನಡೆಟ್‌ಳ ಮೇಜು ಮಾತ್ರ ಮೊದಲ ವರ್ಷದಿಂದಲೂ ಇದೆ. ಇಲ್ಲಿ ಯಾರೂ ಯಾರ ನಿಜವಾದ ಹೆಸರನ್ನೂ ಕೇಳುವುದಿಲ್ಲ. ಅವಳು ಎಲ್ಲರಿಗೂ ಸೂಜಿಯಮ್ಮ. ಮೀಸೆಯ ಸಕ್ಕರೆ ಕಾಯಿಲೆ, ಅವನ ವಿಚ್ಛೇದನ, ಅವನ ತಾಯಿ ಆಸ್ಪತ್ರೆಯಲ್ಲಿ ಕೊನೆಗೆ ಆಡಿದ ಮಾತು ಎಲ್ಲವೂ ಅವಳಿಗೆ ಗೊತ್ತು. ಹೆಸರೊಂದು ಗೊತ್ತಿಲ್ಲ.

“ಕುರ್ಚಿಗಳು ಬೇಕಿತ್ತು, ಮೇಡಂ,” ಎಂದ ಸಭಾಂಗಣದ ಕೆಲಸಗಾರ ಡೆಸ್ಮಂಡ್. “ನಾಳೆ ಹಲ್ಲಿನ ಡಾಕ್ಟರುಗಳ ಸಭೆ.”

“ಅವರಿಗೆ ನಿಂತೇ ಕೆಲಸ ಮಾಡಿ ರೂಢಿ. ಖಾಲಿ ಇರೋದನ್ನ ತಗೊಂಡು ಹೋಗು.”

ಅವನು ಖಾಲಿಯಿದ್ದ ನಾಲ್ಕನ್ನೂ ಒಂದರ ಮೇಲೊಂದು ಪೇರಿಸಿಕೊಂಡು ಹೋದ. ಆಚೆ ಯಾರೋ ಕಾರ್ಪೆಟ್ ಸುತ್ತುತ್ತಿದ್ದರು. ಬರ್ನಡೆಟ್ ಕನ್ನಡಕ ಏರಿಸಿಕೊಂಡು ಹಳೆಯ ದಾರದ ತುದಿಯನ್ನು ಬೆಳಕಿಗೆ ಹಿಡಿದಳು. ಹರಿದ ದಾರದ ತುದಿ ಜುಂಗು ಜುಂಗಾಗಿರುತ್ತದೆ. ಇದು ನೀಟಾಗಿತ್ತು.

“ಮೀಸೆ, ಇದು ಹರಿದದ್ದಲ್ಲ. ಕತ್ತರಿ ಯಾರದ್ದು?”

ಕುಣಿಯುತ್ತಿದ್ದ ಮೊಣಕಾಲು ನಿಂತಿತು. “ನಂದೇ.”

“ಎಷ್ಟು ವರ್ಷದಿಂದ?”

“ಒಂಬತ್ತು.”

ಒಂಬತ್ತು ವರ್ಷ ತನ್ನ ಕೈಯೇ ಸರಿಯಿಲ್ಲವೆಂದು ಅವಳು ಕೊರಗಿದ್ದಳು. “ನಿನ್ನ ದೆಸೆಯಿಂದ ಕನ್ನಡಕ ಬದಲಾಯಿಸ್ದೆ ಕಣೋ! ದಾರದ ಅಂಗಡಿಯವನ ಜೊತೆ ಜಗಳ ಆಡಿ ಬಂದೆ!”

ಅವನು ಅವಳ ತಲೆಯ ಮೇಲಿದ್ದ ರಟ್ಟಿನ ಬೋರ್ಡಿನತ್ತ ಬೆರಳು ತೋರಿಸಿದ. ‘ಹರಿದದ್ದು ತಂದವರಿಗೆ ಮಾತ್ರ ಕುರ್ಚಿ.’

“ಬರೆದೋರು ನೀವೇ, ಸೂಜಿಯಮ್ಮ.”

ಹೌದು, ಅವಳೇ. ಮೊದಲ ಎರಡು ವರ್ಷ ಯಾರು ಬೇಕಾದರೂ ಬಂದು ಕೂತು ಹರಟುತ್ತಿದ್ದರು. ಮೂರನೆಯ ವರ್ಷ ಜನ ಮುಗಿಬಿದ್ದಾಗ ಬೇರೆ ದಾರಿ ಕಾಣದೆ ಬರೆದು ತೂಗುಹಾಕಿದ್ದಳು. ಆಮೇಲೆ ಕುರ್ಚಿಗಳು ಖಾಲಿ ಬಿದ್ದರೂ ಅದನ್ನು ತೆಗೆಯಬೇಕೆಂದು ತೋಚಲೇ ಇಲ್ಲ.

“ಸುಮ್ನೆ ಕೂರ್ತೀನಿ ಅಂದಿದ್ರೆ ನಿನ್ನ ಬೇಡ ಅಂತಿದ್ದೆನಾ?”

“ಬೋರ್ಡ್ ಹಾಕಿದ ವರ್ಷಾನೇ ಒಬ್ಬನ್ನ ಎಬ್ಬಿಸಿ ಕಳಿಸಿದ್ರಿ. ನಾನು ಹಿಂದೇನೇ ನಿಂತಿದ್ದೆ.”

ಅವಳು ಸೂಜಿಗೆ ಹೊಸ ದಾರ ಪೋಣಿಸಿದಳು. ತಲೆ ತಗ್ಗಿಸಿ ಹೊಲಿದಳು. ಒಂದು ಹೊಲಿಗೆ ವಕ್ರವಾಯಿತು, ಬಿಚ್ಚಿ ಮತ್ತೆ ಹಾಕಿದಳು. ಗಂಟು ಹಾಕಿ ದಾರ ಕಡಿಯುವ ಹೊತ್ತಿಗೆ ಧ್ವನಿವರ್ಧಕ ಇನ್ನು ಹತ್ತೇ ನಿಮಿಷವೆಂದು ಕೂಗಿತು. ಮೀಸೆ ಎದ್ದು ಬಾಲ ಕಟ್ಟಿಕೊಂಡ.

“ಮುಂದಿನ ವರ್ಷ ಸಿಗೋಣ, ಸೂಜಿಯಮ್ಮ,” ಎಂದು ಅಭ್ಯಾಸಬಲದಿಂದ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅವನು ಎದ್ದದ್ದೇ ತಡ, ಡೆಸ್ಮಂಡ್ ಬಂದು ಆ ಕುರ್ಚಿಯನ್ನೂ ಮಡಚಿದ.

ಬರ್ನಡೆಟ್ ಕುರ್ಚಿಯಿದ್ದ ಖಾಲಿ ಜಾಗ ನೋಡಿದಳು. ಈ ಮೂರು ದಿನ ಬಿಟ್ಟರೆ ಅವಳ ಎದುರು ಕೂತು ಮಾತಾಡುವವರು ಯಾರೂ ಇರಲಿಲ್ಲ. ಅವನು ನಾಲ್ಕು ಹೆಜ್ಜೆ ಹೋಗಿದ್ದ.

“ಏಯ್, ನಿಲ್ಲೋ!”

ಬೋರ್ಡನ್ನು ಕಿತ್ತು ಮೇಜಿನ ಮೇಲೆ ಬೋರಲು ಹಾಕಿದಳು. ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ‘ಬರ್ನಡೆಟ್ ಪಾವ್ಲಾಕ್’ ಎಂದು ಬರೆದು, ಕೆಳಗೆ ಮನೆಯ ವಿಳಾಸ ಬರೆದು, ಅವನ ಕೈಗೆ ತುರುಕಿದಳು.

“ನಿನ್ನ ಟ್ರಕ್ ಈ ಊರ ಮೇಲೇ ಹೋಗುತ್ತಲ್ಲ. ಬಾ.”

ಅವನು ಹೆಸರನ್ನು ಎರಡು ಸಲ ಓದಿದ. “ಆದ್ರೆ ಈಗ ಹರಿದದ್ದು ಏನೂ ಇಲ್ವಲ್ಲ.”

“ಬಾಲ ಮನೇಲಿಟ್ಟು ಬಾ. ಹೆಸರು ತಗೊಂಡು ಬಾ.”

ಡೆಸ್ಮಂಡ್ ಸಂಕೋಚದಿಂದ ಕೆಮ್ಮಿದ. “ಮೇಡಂ, ನಿಮ್ಮ ಕುರ್ಚಿನೂ...”

“ತಗೊಂಡು ಹೋಗಪ್ಪ,” ಎನ್ನುತ್ತ ಬರ್ನಡೆಟ್ ಎದ್ದು ನಿಂತಳು. “ನಮ್ಮನೇಲಿ ಎರಡಿವೆ.”