ಕನ್ನಡದಲ್ಲಿ ಬಂದ ಕರೆ

ಮಗಳ ಸ್ವರದಲ್ಲಿ ಬಂದ ಕರೆಯನ್ನು ಅರ್ಧಕ್ಕೇ ಕಡಿದು, ಆ ನಂಬರನ್ನು ಬ್ಲಾಕ್ ಮಾಡಿ, ಚಂದ್ರಮತಿ ಗೆದ್ದವಳ ಹಾಗೆ ಅಡುಗೆಮನೆಯಿಂದ ಹೊರಗೆ ಬಂದಳು. ಟಿ. ನಗರದ ತಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಬಂದಿದ್ದ ಗಂಡ ಕೃಷ್ಣರಾಜ ಸೋಫಾದ ಮೇಲೆ ಕಾಲು ಚಾಚಿದ್ದ.

"ನೋಡಿ, ಫೋನಿನ ಕಳ್ಳರು ನಮ್ಮ ಮನೆಗೂ ಬಂದ್ರು. ನಿಶ್ಮಿತಾಳ ಸ್ವರದಲ್ಲೇ ಮಾತಾಡಿದ್ರು. ನಾನು ಬಿಡ್ತೇನಾ?"

ಒಬ್ಬಳೇ ಮಗಳು ನಿಶ್ಮಿತಾ ಇಂಗ್ಲೆಂಡಿಗೆ ಹೋಗಿ ಎಂಟು ತಿಂಗಳಾಗಿತ್ತು. ಓದುವುದು ಅಪರಾಧಶಾಸ್ತ್ರದ ಎಂ.ಎಸ್ಸಿ. ಫೋನಿನ ಮೋಸವೇ ಅವಳ ವಿಷಯ. ಹೊರಡುವ ಮುಂಚೆ ವೆಸ್ಟ್ ಮಾಂಬಲಂನ ಈ ಫ್ಲ್ಯಾಟಿನ ಫ್ರಿಜ್ಜಿಗೆ ಒಂದು ಕಾಗದ ಅಂಟಿಸಿದ್ದಳು, ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ತಮಿಳಿನಲ್ಲೇ ಬರೆದು. ಗುರುತಿಲ್ಲದ ನಂಬರನ್ನು ನಂಬಬೇಡ. ಅವಸರ ಮಾಡಿಸುವವರನ್ನು ನಂಬಬೇಡ. ನನ್ನ ಸ್ವರವನ್ನೂ ನಂಬಬೇಡ, ಈಗ ಯಂತ್ರ ಯಾರ ಹಾಗೆ ಬೇಕಾದರೂ ಮಾತಾಡುತ್ತದೆ. ಕೊನೆಯಲ್ಲಿ, ದಪ್ಪ ಅಕ್ಷರದಲ್ಲಿ: ಹೋಟೆಲಿನ ದೋಸೆ ಹಾಕುವ ಐತಪ್ಪ ಚಿಕ್ಕಂದಿನಲ್ಲಿ ನನ್ನನ್ನು ಏನೆಂದು ಕರೆಯುತ್ತಿದ್ದ ಅಂತ ಕರೆ ಮಾಡಿದವರನ್ನು ಕೇಳು. ಚಂದ್ರಮತಿಗೆ ಸಂಶಯಪಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ದಿನವೂ ಬರುವ ತರಕಾರಿಯವನ ತಕ್ಕಡಿಯನ್ನು ಇಪ್ಪತ್ತು ವರ್ಷದಿಂದ ಬಗ್ಗಿ ನೋಡುತ್ತಿದ್ದವಳು ಅವಳು.

"ಎಂತ ಹೇಳಿದ್ರು?" ಕೃಷ್ಣರಾಜ ಕಣ್ಣು ಮುಚ್ಚಿಕೊಂಡೇ ಕೇಳಿದ.

"'ಅಮ್ಮ, ಬಾಗಿಲಿಗೆ ಹೊರಗಿಂದ ಚಿಲಕ ಹಾಕಿದ್ದಾರೆ, ನಾನು ಕಲಿಯುವ ಜಾಗಕ್ಕೆ ಬೇಗ ತಿಳಿಸು' ಅಂತ. ಅದೂ ನಗ್ತಾ ನಗ್ತಾ. ಕಷ್ಟದಲ್ಲಿ ಇದ್ದವರು ನಗ್ತಾರಾ?"

"ಐತಪ್ಪನ ಪ್ರಶ್ನೆ ಕೇಳಿದ್ಯಾ?"

"ಅದೆಲ್ಲ ಬೇಕಾಗ್ಲೇ ಇಲ್ಲ. ಕನ್ನಡ ಮಾತಾಡಿತು ಮಾರಾಯ್ರೆ. ನಮ್ಮವಳು ಯಾವಾಗ ಕನ್ನಡ ಮಾತಾಡಿದ್ದು? ನಾನು ಎಂತ ಕೇಳಿದ್ರೂ 'ಸರಿ ಮಾ, ಅಪ್ಪುರಂ ಪೇಸಲಾಂ' ಅಂತಾಳೆ, ಆಮೇಲೆ ಮಾತಾಡುವ ಅಂತ ತಮಿಳಿನಲ್ಲೇ. ಇದು ಒಂದು ಇಂಗ್ಲಿಷ್ ಶಬ್ದ ಇಲ್ಲದೆ, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಅಲ್ಲೇ ಸಿಕ್ಕಿಬಿದ್ರು."

ಕೃಷ್ಣರಾಜನಿಗೂ ನಗು ಬಂತು. ಕಾಫಿ ಕೊಡು ಅಂದು, ಸುಮ್ಮನೆ ಫೋನ್ ತೆಗೆದು ಮಗಳಿಗೆ ಕಳಿಸಿದ್ದ ಮೆಸೇಜು ನೋಡಿದ. ಬೆಳಿಗ್ಗೆಯದ್ದಕ್ಕೆ ಒಂದೇ ಟಿಕ್ಕು. ನಿನ್ನೆಯದ್ದಕ್ಕೂ ಒಂದೇ, ಎರಡೂ ತಲುಪಿರಲಿಲ್ಲ. ಅವನು ಎದ್ದು ಕೂತ.

"ಅವಳು ಅಲ್ಲಿ ಬಾಡಿಗೆಗೆ ಇರುವ ಮನೆಯ ಓನರ್ ತಮಿಳಿನವನಲ್ವಾ?"

"ಹೌದು, ನಮ್ಮ ತಾಂಬರಂನಿಂದ ಹೋದವನೇ. ಅದಕ್ಕೇ ಅಲ್ವಾ ಧೈರ್ಯದಲ್ಲಿ ಬಿಟ್ಟದ್ದು?" ಹೇಳುತ್ತಿದ್ದ ಹಾಗೇ ಚಂದ್ರಮತಿಯ ದನಿ ಸಣ್ಣಗಾಯಿತು. ಕಳೆದ ವಾರ ನಿಶ್ಮಿತಾ ಏನೋ ಹೇಳಿದ್ದಳು. ಆ ಮನುಷ್ಯ ಮನೆಯಲ್ಲಿರುವ ಇನ್ನಿಬ್ಬರು ಹುಡುಗಿಯರ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಿದ್ದಾನೆ, ನಾನು ಕೇಳಿಯೇ ಬಿಡುತ್ತೇನೆ ಎಂದು. ಊರ ಉಸಾಬರಿ ನಿನಗೆ ಯಾಕೆ, ಪುಸ್ತಕ ಓದು ಎಂದು ಇವಳು ಗದರಿಸಿದ್ದಳು.

"ನಾವು ಗಾಬರಿ ಆಗ್ಬಾರ್ದು ಅಂತ ಅವನೇ ಅವನ ಫೋನಿಂದ ಮಾತಾಡಿಸಿದ್ರೆ?" ಕೃಷ್ಣರಾಜ ಒಂದೊಂದೇ ಮಾತು ಹುಡುಕಿ ಹೇಳಿದ. "ಪಕ್ಕದಲ್ಲೇ ನಿಂತಿದ್ರೆ? ಅವನಿಗೆ ತಮಿಳು ಬರ್ತದೆ, ಇಂಗ್ಲಿಷ್ ಬರ್ತದೆ. ಪೊಲೀಸ್ ಅಂದ್ರೂ ಗೊತ್ತಾಗ್ತದೆ. ಇವಳು ಯಾವುದರಲ್ಲಿ ಹೇಳ್ಬೇಕು? ನಗದೆ ಹೇಗೆ ಹೇಳ್ಬೇಕು?"

ಚಂದ್ರಮತಿ ನೆಲದ ಮೇಲೇ ಕೂತುಬಿಟ್ಟಳು. ಬ್ಲಾಕ್ ಮಾಡಲು ಒಂದು ಗಳಿಗೆ ಸಾಕಾಗಿತ್ತು, ತೆಗೆಯುವುದು ಎಲ್ಲಿ ಎಂದು ಅವಳಿಗೆ ಸಿಗಲಿಲ್ಲ. "ಇಪ್ಪತ್ಮೂರು ವರ್ಷ ಬೇಡಿದ್ದೆ, ನನ್ನ ಹತ್ರ ಒಂದು ಮಾತು ಕನ್ನಡದಲ್ಲಿ ಆಡು ಅಂತ," ಅಂದಳು. "ಆಡಿದ ದಿನ ಫೋನ್ ಇಟ್ಟೆ." ಕೃಷ್ಣರಾಜ ಅವಳ ಕೈಯಿಂದ ಫೋನ್ ತೆಗೆದುಕೊಂಡು ಬ್ಲಾಕ್ ಬಿಡಿಸಿ ಕೊಟ್ಟ. ಆಮೇಲೆ ಕಪಾಟಿನಿಂದ ಯೂನಿವರ್ಸಿಟಿಯ ಪತ್ರ ಹುಡುಕಿ, ತನ್ನ ಫೋನಿನಲ್ಲಿ ಅದರ ಮೇಲಿದ್ದ ನಂಬರು ಒತ್ತುತ್ತ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಇತ್ತ ಅವಳು ಅದೇ ನಂಬರಿಗೆ ತಿರುಗಿ ಕರೆ ಮಾಡಿದಳು, ಆರು ಸಲ ರಿಂಗಾದ ಮೇಲೆ ಒಬ್ಬ ಗಂಡಸು ಎತ್ತಿದ. "ಯಾರು?"

ಚಂದ್ರಮತಿ ಸೆರಗಿನಿಂದ ಮುಖ ಒರೆಸಿಕೊಂಡಳು, ಅವನು ನೋಡುತ್ತಿದ್ದಾನೋ ಎನ್ನುವ ಹಾಗೆ. "ತಂಬಿ, ನಾನ್ ನಿಶ್ಮಿತಾ ಅಮ್ಮಾ. ಲೈನ್ ಕಟ್ ಆಯಿಡ್ಚು ಪಾ. ಕೊಂಜಂ ಅವ ಕಿಟ್ಟ ಕುಡು." ಲೈನ್ ಕಟ್ಟಾಯಿತು, ಸ್ವಲ್ಪ ಅವಳ ಕೈಗೆ ಕೊಡಪ್ಪ ಎನ್ನುವ ತಮಿಳು ಮಾತು ಬೆಲ್ಲದಂತಿತ್ತು. ಈಗ ತಾನೇ ಮಾತಾಡಿದಳಲ್ಲ ಎಂದು ಅವನು ಗೊಣಗಿದ. ಅವನೂ ಸಂಶಯಪಡುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಕೊನೆಗೆ ಚಿಲಕ ತೆಗೆದ ಸದ್ದು. "ಸೀಕ್ರಂ ಪೇಸು," ಬೇಗ ಮಾತಾಡು ಎಂದು ಅವನು ಯಾರಿಗೋ ಗದರಿದ.

"ಗೋಳಿಬಜೆ," ಅಂದಿತು ನಗುವ ದನಿ, ಇವಳು ಐತಪ್ಪನ ಪ್ರಶ್ನೆ ಕೇಳುವ ಮೊದಲೇ. "ಅಮ್ಮ, ಗೋಳಿಬಜೆ, ಗೋಳಿಬಜೆ."

ಚಂದ್ರಮತಿಯ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಅವಳು ಬಾಯಿ ತುಂಬ ನಕ್ಕಳು, ಫೋನಿನ ಆಚೆ ನಿಂತವನಿಗೂ ಕೇಳುವಷ್ಟು.

"ಹೇಳು ಮಗಾ, ನಿಧಾನ ಹೇಳು. ನಗ್ತಾ ಇರು, ನಾನೂ ನಗ್ತೇನೆ."